ಮಗುವಿನ ಭೇಟಿಗೆ ಆದೇಶವಿದೆ, ಮಗುವನ್ನು ಕಳುಹಿಸುತ್ತಿಲ್ಲ: ಮೈಸೂರು, ಮಂಡ್ಯದ ಪೋಷಕರು ಏನು ಮಾಡಬೇಕು?

ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಗು ಇನ್ನೊಬ್ಬ ಪೋಷಕರ ಜೊತೆ ಇರಬೇಕು ಎಂದು ಕೌಟುಂಬಿಕ ನ್ಯಾಯಾಲಯ ಆದೇಶ ಮಾಡಿರುತ್ತದೆ. ಭಾನುವಾರ ಬಂದರೆ ಕುವೆಂಪುನಗರದ ಮನೆಯ ಗೇಟಿಗೆ ಬೀಗ. ಇಲ್ಲವೇ ‘ಜ್ವರ ಬಂದಿದೆ’, ‘ನಾಳೆ ಟೆಸ್ಟ್ ಇದೆ’, ‘ಅಜ್ಜಿಯ ಜೊತೆ ಪಾಂಡವಪುರಕ್ಕೆ ಹೋಗಿದ್ದಾನೆ’ ಎಂಬ ಉತ್ತರ. ಒಂದೆರಡು ಸಲವಾದರೆ ಸಹಿಸಿಕೊಳ್ಳಬಹುದು. ತಿಂಗಳುಗಟ್ಟಲೆ ಹೀಗೇ ನಡೆದರೆ ಐದಾರು ವರ್ಷದ ಮಗುವಿಗೆ ಆ ತಂದೆಯೋ ತಾಯಿಯೋ ಅಪರಿಚಿತರಾಗಿಬಿಡುತ್ತಾರೆ. ಆಮೇಲೆ ಯಾವ ಆದೇಶ ತಂದರೂ ಮಗು ಹತ್ತಿರ ಬರಲು ಹಿಂಜರಿಯುತ್ತದೆ.

ನ್ಯಾಯಾಲಯದ ಆದೇಶ ತಾನಾಗಿ ಜಾರಿಯಾಗುವುದಿಲ್ಲ. ಜಾರಿ ಮಾಡಿಸಿ ಎಂದು ಕೇಳಬೇಕು, ಕೇಳುವುದಕ್ಕೆ ಒಂದು ಕ್ರಮವಿದೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರು ಕೋಪದಲ್ಲಿ ನೇರವಾಗಿ ‘ಅವರನ್ನು ಜೈಲಿಗೆ ಕಳುಹಿಸಿ’ ಎಂಬ ಕೋರಿಕೆಯಿಂದ ಶುರು ಮಾಡುತ್ತಾರೆ. ಮೊದಲು ಕೇಳಬೇಕಾದದ್ದು ಕಳೆದುಹೋದ ಭೇಟಿಯ ದಿನಗಳನ್ನು. ಮಗುವಿಗೆ ಬೇಕಿರುವುದು ಅದೇ, ನ್ಯಾಯಾಧೀಶರು ಕಿವಿಗೊಡುವುದೂ ಅದಕ್ಕೇ.

ಮೊದಲ ಹಂತ: ಆದೇಶವನ್ನು ಪೂರ್ತಿ ಓದಿ

ವಕೀಲರ ಬಾಯಿಂದ ಕೇಳಿದ ಆದೇಶಕ್ಕೂ ಕಾಗದದ ಮೇಲಿರುವ ಆದೇಶಕ್ಕೂ ವ್ಯತ್ಯಾಸವಿರಬಹುದು. ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ಪಡೆಯಿರಿ. ಪ್ರಕರಣದ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ, ಪ್ರಕರಣದ ಹಂತ ಎಲ್ಲವೂ ಕಾಣುತ್ತವೆ.

ನಂತರ ಮೂರು ವಿಷಯಗಳನ್ನು ನೋಡಿ. ಇದು ಮಧ್ಯಂತರ ಆದೇಶವೇ, ಅಂತಿಮ ಡಿಕ್ರಿಯೇ (ಪ್ರಕರಣ ಮುಗಿಸುವ ತೀರ್ಪಿನ ಆದೇಶವೇ)? ಯಾವ ಕಾಯ್ದೆಯಡಿ ಬಂದಿದೆ? ಹಿಂದೂ ವಿವಾಹ ಕಾಯ್ದೆ 1955ರ ಸೆಕ್ಷನ್ 26, ಪೋಷಕರು ಮತ್ತು ಪಾಲ್ಯರ ಕಾಯ್ದೆ 1890, ವಿಶೇಷ ವಿವಾಹ ಕಾಯ್ದೆಯ ಸೆಕ್ಷನ್ 38, ಇವುಗಳಲ್ಲಿ ಒಂದಿರಬಹುದು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 21ರಡಿ ಮ್ಯಾಜಿಸ್ಟ್ರೇಟರು ಮಾಡಿದ ಆದೇಶವಾಗಿದ್ದರೆ ದಾರಿ ಬೇರೆ, ಆ ನ್ಯಾಯಾಲಯಕ್ಕೇ ಹೋಗಬೇಕು. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮಧ್ಯಸ್ಥಿಕೆ ಕೇಂದ್ರದಲ್ಲಿ ಸಹಿ ಹಾಕಿದ ಷರತ್ತುಗಳು ಡಿಕ್ರಿಯ ಭಾಗವಾಗಿವೆಯೇ? ‘ಒಪ್ಪಂದದ ಷರತ್ತುಗಳು ಈ ಡಿಕ್ರಿಯ ಭಾಗವಾಗಿರತಕ್ಕದ್ದು’ ಎಂಬ ಸಾಲು ಇದ್ದರೆ ನಿರಾಳ. ಇಲ್ಲದಿದ್ದರೆ ಎದುರಿನವರು ‘ಅದು ಬರೀ ಒಪ್ಪಂದ, ಡಿಕ್ರಿಯಲ್ಲ’ ಎಂದು ವಾದಿಸಲು ಜಾಗ ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾಗಿದ್ದರೆ ಆ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ.

ಆಮೇಲೆ ಆದೇಶದ ಭಾಷೆ. ‘ತಂದೆಗೆ ಸೂಕ್ತ ಸಮಯದಲ್ಲಿ ಮಗುವನ್ನು ಭೇಟಿಯಾಗುವ ಹಕ್ಕಿರುತ್ತದೆ’ ಎಂಬಂಥ ಆದೇಶವನ್ನು ಜಾರಿ ಮಾಡಿಸುವುದು ಬಹಳ ಕಷ್ಟ. ಸೂಕ್ತ ಸಮಯ ಯಾವುದು? ಎಲ್ಲಿ? ಕರೆದುಕೊಂಡು ಬರುವವರು ಯಾರು? ಉತ್ತರವಿಲ್ಲದ ಆದೇಶವನ್ನು ಉಲ್ಲಂಘಿಸಿದರು ಎಂದು ಹೇಗೆ ಸಾಬೀತು ಮಾಡುತ್ತೀರಿ? ಅಮಲ್ಜಾರಿ ಮಾಡುವ, ಅಂದರೆ ಆದೇಶವನ್ನು ಜಾರಿಗೆ ತರುವ ನ್ಯಾಯಾಲಯ ಡಿಕ್ರಿಯಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಹಾಗಾಗಿ ಆದೇಶ ಮಸುಕಾಗಿದ್ದರೆ ಮೊದಲು ಮೂಲ ಪ್ರಕರಣದಲ್ಲಿ ಸ್ಪಷ್ಟೀಕರಣಕ್ಕೆ ಅಥವಾ ಮಾರ್ಪಾಡಿಗೆ ಅರ್ಜಿ ಹಾಕಿ. ಸೆಕ್ಷನ್ 26ರಡಿ ಡಿಕ್ರಿಯಾದ ಮೇಲೂ ಇಂಥ ಅರ್ಜಿ ಹಾಕಬಹುದು. ಮಗುವಿನ ಸುಪರ್ದಿಯ (ಕಸ್ಟಡಿಯ) ಆದೇಶಗಳು ಕಲ್ಲಿನಲ್ಲಿ ಕೆತ್ತಿದವಲ್ಲ, ಪರಿಸ್ಥಿತಿಗೆ ತಕ್ಕಂತೆ ಬದಲಾಗಬಲ್ಲವು ಎಂಬುದನ್ನು ಸುಪ್ರೀಂ ಕೋರ್ಟ್ 1973ರ ರೋಸಿ ಜೇಕಬ್ ಪ್ರಕರಣದಲ್ಲೇ ಹೇಳಿದೆ.

ಅರ್ಜಿಯಲ್ಲಿ ಕೇಳಬೇಕಾದ ಭಾಷೆ ಹೀಗಿರಲಿ: ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಾಯಿಯು ಮಗುವನ್ನು ಮಂಡ್ಯ ರೈಲು ನಿಲ್ದಾಣದ ಮುಖ್ಯ ದ್ವಾರದ ಬಳಿ ತಂದೆಗೆ ಒಪ್ಪಿಸತಕ್ಕದ್ದು. ಭಾನುವಾರ ಸಂಜೆ 5 ಗಂಟೆಗೆ ತಂದೆಯು ಅದೇ ಜಾಗದಲ್ಲಿ ಮರಳಿ ಒಪ್ಪಿಸತಕ್ಕದ್ದು. ರೈಲು ತಡವಾದರೆ ಒಂದು ಗಂಟೆ ಕಾಯತಕ್ಕದ್ದು. ಅನಾರೋಗ್ಯದಿಂದ ಭೇಟಿ ತಪ್ಪಿದರೆ ಅದೇ ದಿನ ವೈದ್ಯರ ಚೀಟಿ ಕಳುಹಿಸಿ, ಮುಂದಿನ ವಾರಾಂತ್ಯದಲ್ಲಿ ಸರಿದೂಗಿಸತಕ್ಕದ್ದು.’ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಮಗುವಿಗಾಗಿ ಮಂಡ್ಯಕ್ಕೋ ಮೈಸೂರಿಗೋ ಬಂದು ಹೋಗುವವರಿಗೆ ಕೊನೆಯ ಎರಡು ವಾಕ್ಯಗಳು ಬಹಳ ಮುಖ್ಯ. ಜಾಗವನ್ನು ಆರಿಸುವಾಗಲೂ ಯೋಚನೆ ಮಾಡಿ. ಮೃಗಾಲಯದ ದ್ವಾರ ಎಂದು ಬರೆಸಿಕೊಂಡರೆ ಮಂಗಳವಾರ ಅದಕ್ಕೆ ರಜೆ. ಅರಮನೆಯ ಸುತ್ತಮುತ್ತ ಎಂದು ಬರೆಸಿಕೊಂಡರೆ ಜಂಬೂ ಸವಾರಿಯ ದಿನ ಅಲ್ಲಿಂದ ಬನ್ನಿಮಂಟಪದವರೆಗೆ ರಸ್ತೆಯೇ ಸಿಗುವುದಿಲ್ಲ.

ಎರಡನೇ ಹಂತ: ದಾಖಲೆ ಇಡಿ, ಜಗಳ ಬೇಡ

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ (ಆರ್ಡರ್) 21, ನಿಯಮ 32ರಡಿ ಒತ್ತಾಯದ ಕ್ರಮ ಬೇಕೆಂದರೆ ನೀವು ತೋರಿಸಬೇಕಾದದ್ದು ಇಷ್ಟು: ಎದುರಿನವರಿಗೆ ಆದೇಶ ಗೊತ್ತಿತ್ತು, ಪಾಲಿಸಲು ಅವಕಾಶವೂ ಇತ್ತು, ಆದರೂ ಬೇಕೆಂದೇ ಪಾಲಿಸಲಿಲ್ಲ. ನಿಮ್ಮ ದಾಖಲೆಯೆಲ್ಲ ಈ ಅಂಶಗಳತ್ತ ಇರಲಿ.

ಭೇಟಿಯ ಹಿಂದಿನ ದಿನ ಒಂದು ಸಂದೇಶ ಕಳುಹಿಸಿ: ‘ನಾಳೆ ಆದೇಶದಂತೆ ಬೆಳಿಗ್ಗೆ 10ಕ್ಕೆ ಬರುತ್ತಿದ್ದೇನೆ. ಸಂಜೆ 5ಕ್ಕೆ ತಂದು ಬಿಡುತ್ತೇನೆ.’ ಅಷ್ಟೇ ಸಾಕು. ಹಳೆಯ ಜಗಳ, ದೂರು, ಚುಚ್ಚುಮಾತು ಯಾವುದೂ ಆ ಸಂದೇಶದಲ್ಲಿ ಬೇಡ, ಅದನ್ನು ಮುಂದೆ ನ್ಯಾಯಾಧೀಶರು ಓದುತ್ತಾರೆ. ಭೇಟಿಯ ದಿನ ಸಮಯಕ್ಕೆ ಸರಿಯಾಗಿ ಹೋಗಿ, ಕಾಯಿರಿ, ಮಗು ಬರದಿದ್ದರೆ ಅಲ್ಲಿಂದಲೇ ಇನ್ನೊಂದು ಸಂದೇಶ ಹಾಕಿ: ‘10ರಿಂದ 10.45ರವರೆಗೆ ಕಾದೆ. ಮಗುವನ್ನು ಕಳುಹಿಸಲಿಲ್ಲ. ಮುಂದಿನ ಭಾನುವಾರ ಬದಲಿ ಭೇಟಿ ಕೊಡಿ.’ ಬಸ್ ಅಥವಾ ರೈಲಿನ ಟಿಕೆಟ್ ಇಟ್ಟುಕೊಳ್ಳಿ. ಮನೆಗೆ ಬಂದು ನೋಟ್ ಪುಸ್ತಕದಲ್ಲಿ ದಿನಾಂಕ, ಹೊತ್ತು, ಯಾರು ಬಾಗಿಲು ತೆರೆದರು, ಏನು ಹೇಳಿದರು ಎಂದು ನಾಲ್ಕು ಸಾಲು ಬರೆದಿಡಿ. ನಡೆದ ಭೇಟಿಗಳನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಹತ್ತರಲ್ಲಿ ಮೂರು ಭೇಟಿ ನಡೆದಿದ್ದರೆ ಮೂರು ಎಂದೇ ಹೇಳಬೇಕು. ಅದರಿಂದ ಉಳಿದ ಏಳರ ಬಗ್ಗೆ ನೀವು ಹೇಳುವುದಕ್ಕೆ ಬೆಲೆ ಬರುತ್ತದೆ.

ವಾಟ್ಸ್‌ಆ್ಯಪ್ ಸಂದೇಶಗಳನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರಡಿ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಜೊತೆಗಿರಲಿ. ಸಾಕ್ಷ್ಯದ ಕಟ್ಟುನಿಟ್ಟನ್ನು ಸಡಿಲಿಸುವ ಅಧಿಕಾರ ಕೌಟುಂಬಿಕ ನ್ಯಾಯಾಲಯಕ್ಕೆ ಇದೆಯಾದರೂ, ಪ್ರಮಾಣಪತ್ರವಿದ್ದರೆ ಆ ವಾದವೇ ಏಳುವುದಿಲ್ಲ. ಫೋನ್ ಬದಲಾಯಿಸುವ ಮುನ್ನ ಸಂದೇಶಗಳನ್ನು ಉಳಿಸಿಕೊಳ್ಳಿ.

ಮಾಡಬಾರದ್ದನ್ನೂ ಹೇಳಬೇಕು. ನೆಂಟರನ್ನು ಗುಂಪು ಕಟ್ಟಿಕೊಂಡು ಆ ಮನೆಯ ಮುಂದೆ ಹೋಗಬೇಡಿ. ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಬರಬೇಡಿ. ಸುಪರ್ದಿ ಇನ್ನೊಬ್ಬರಿಗಿದ್ದಾಗ ಹಾಗೆ ಮಾಡಿದರೆ ಅಲ್ಲಿಯವರೆಗೆ ನಿಮ್ಮ ಪರವಾಗಿದ್ದ ಪ್ರಕರಣ ಒಂದೇ ಮಧ್ಯಾಹ್ನದಲ್ಲಿ ನಿಮ್ಮ ವಿರುದ್ಧ ತಿರುಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗೆಳೆಯರ ಎದುರು ಎಳೆದಾಟ ಕಂಡ ಮಗು ಆ ದಿನವನ್ನು ಮರೆಯುವುದಿಲ್ಲ. ಮಗುವಿನ ಕೈಯಲ್ಲಿ ಸಂದೇಶ ಹೇಳಿ ಕಳುಹಿಸುವುದು, ‘ನಿನ್ನಮ್ಮ ಏಕೆ ಕಳುಹಿಸಲಿಲ್ಲ’ ಎಂದು ಮಗುವನ್ನೇ ಪ್ರಶ್ನಿಸುವುದು ಕೂಡ ತಪ್ಪು.

ಪೊಲೀಸ್ ಠಾಣೆಗೆ ಹೋದರೆ ‘ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ’ ಎನ್ನುತ್ತಾರೆ. ಬೇಸರವಾಗುತ್ತದೆ, ಆದರೆ ಬಹುಮಟ್ಟಿಗೆ ಅವರು ಹೇಳುವುದು ಸರಿ. ಭೇಟಿಯ ಆದೇಶಕ್ಕಾಗಿ ಪೊಲೀಸರು ಬರಬೇಕೆಂದರೆ ನ್ಯಾಯಾಲಯದ ನಿರ್ದೇಶನ ಬೇಕು. ಮಗು ಕಾಣೆಯಾಗಿದ್ದರೆ, ಅಪಾಯದಲ್ಲಿದ್ದರೆ ಮಾತ್ರ ತಡಮಾಡದೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮೂರನೇ ಹಂತ: ಒಂದು ನೋಟಿಸ್, ಒಂದು ಮಾತುಕತೆ

ವಕೀಲರ ಮೂಲಕ ಚಿಕ್ಕದೊಂದು ನೋಟಿಸ್ ಕಳುಹಿಸಿ. ಆದೇಶದ ದಿನಾಂಕ, ತಪ್ಪಿದ ಭೇಟಿಗಳ ಪಟ್ಟಿ, ಬದಲಿ ದಿನಗಳ ಕೋರಿಕೆ, ಉತ್ತರಕ್ಕೆ ಗಡುವು, ಇಷ್ಟು ಸಾಕು. ಕೆಲವರು ಇಲ್ಲಿಗೇ ದಾರಿಗೆ ಬರುತ್ತಾರೆ. ನ್ಯಾಯಾಲಯದ ಆಪ್ತಸಮಾಲೋಚಕರ ಅಥವಾ ಮಧ್ಯಸ್ಥಗಾರರ ಮುಂದೆ ಕೂರಲು ಸಿದ್ಧ ಎಂದೂ ಬರೆಯಿರಿ. ರಾಜಿಗೆ ಪ್ರಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯವೆಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 9 ಹೇಳುವುದರಿಂದ ಹೇಗೂ ಅಲ್ಲಿಗೆ ಕಳುಹಿಸುತ್ತಾರೆ.

ನಾಲ್ಕನೇ ಹಂತ: ಅಮಲ್ಜಾರಿ ಅರ್ಜಿ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ ಸೆಕ್ಷನ್ 18ರ ಪ್ರಕಾರ ಈ ನ್ಯಾಯಾಲಯದ ಡಿಕ್ರಿಗೂ ಆದೇಶಕ್ಕೂ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆಯೇ ಅದನ್ನು ಜಾರಿ ಮಾಡಿಸಬೇಕು. ಅರ್ಜಿಯನ್ನು ಆದೇಶ ಮಾಡಿದ ನ್ಯಾಯಾಲಯದಲ್ಲೇ ಹಾಕಿ.

ಅರ್ಜಿಯಲ್ಲಿ ಏನೇನಿರಬೇಕು ಎಂಬುದು ಆದೇಶ 21, ನಿಯಮ 11ರಲ್ಲಿದೆ. ಪ್ರಕರಣದ ಸಂಖ್ಯೆ, ಇಬ್ಬರ ಹೆಸರು, ಡಿಕ್ರಿಯ ದಿನಾಂಕ, ಮೇಲ್ಮನವಿ ಇದೆಯೇ, ಹಿಂದೆ ಅಮಲ್ಜಾರಿ ಅರ್ಜಿ ಹಾಕಿದ್ದಿರೇ, ನ್ಯಾಯಾಲಯದಿಂದ ಯಾವ ರೀತಿಯ ನೆರವು ಬೇಕು ಎಂದು ಅದರಲ್ಲಿ ತುಂಬಬೇಕು. ಎಲ್ಲಕ್ಕಿಂತ ತೂಕದ್ದು ಕೊನೆಯ ಕಲಂ. ಜೊತೆಗೆ ಆದೇಶದ ನಕಲು, ತಪ್ಪಿದ ಭೇಟಿಗಳ ಪಟ್ಟಿ, ಸಂದೇಶಗಳು, ನೋಟಿಸ್, ನಿಮ್ಮ ಅಫಿಡವಿಟ್ (ಪ್ರಮಾಣ ಮಾಡಿದ ಹೇಳಿಕೆ) ಇರಲಿ. ಡಿಕ್ರಿಯಾಗಿ ಎರಡು ವರ್ಷ ಕಳೆದಿದ್ದರೆ ಮೊದಲು ಎದುರಿನವರಿಗೆ ನೋಟಿಸ್ ಹೋಗಲೇಬೇಕು, ಅದಕ್ಕೇ ವಾರಗಳು ಹಿಡಿಯುತ್ತವೆ. ಹಾಗಾಗಿ ಮುಂದೂಡುತ್ತಾ ಕೂರಬೇಡಿ.

ಒಂದೇ ಸಲ ಎರಡು ಕಾಗದ ಹಾಕುವುದು ಒಳ್ಳೆಯದು. ಮೊದಲನೆಯದು ಅಮಲ್ಜಾರಿ ಅರ್ಜಿ. ಅದರಲ್ಲಿ ಆದೇಶದಲ್ಲಿ ಇರುವುದನ್ನು ಇರುವಂತೆಯೇ ಪಾಲಿಸಲು ನಿರ್ದೇಶನ, ಪಾಲಿಸದಿದ್ದರೆ ನಿಯಮ 32ರಡಿ ಆಸ್ತಿ ಜಪ್ತಿ ಅಥವಾ ಸಿವಿಲ್ ಬಂಧನ, ಅಗತ್ಯವಿದ್ದರೆ ಪೊಲೀಸ್ ನೆರವು ಕೇಳಿ. ಎರಡನೆಯದು ಮೂಲ ಪ್ರಕರಣದ ಮಾರ್ಪಾಡಿನ ಅರ್ಜಿ. ತಪ್ಪಿದ ದಿನಗಳಿಗೆ ಬದಲಿಯಾಗಿ ರಜೆಯಲ್ಲಿ ಹೆಚ್ಚು ದಿನ, ಒಪ್ಪಿಸುವ ಜಾಗದ ಬದಲಾವಣೆ, ದಿನವೂ ವಿಡಿಯೊ ಕರೆ ಮುಂತಾದ ಹೊಸ ಕೋರಿಕೆಗಳು ಇದರಲ್ಲಿ ಬರಬೇಕು. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ‘ಇದು ಡಿಕ್ರಿಯಲ್ಲಿ ಇಲ್ಲ’ ಎಂಬ ಆಕ್ಷೇಪಕ್ಕೆ ತಿಂಗಳುಗಳು ಹೋಗುತ್ತವೆ.

ವಿಡಿಯೊ ಕರೆಯ ಕೋರಿಕೆಯನ್ನು ಬಿಡಬೇಡಿ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕೂ ಇದೆ, ವಿಶೇಷ ಕಾರಣವಿಲ್ಲದಿದ್ದರೆ ಸುಪರ್ದಿ ಸಿಗದ ಪೋಷಕರು ಮಗುವಿನ ಜೊತೆ ದಿನಕ್ಕೆ 5ರಿಂದ 10 ನಿಮಿಷ ಮಾತನಾಡುವಂತಿರಬೇಕು ಎಂದಿದೆ. ದೂರದಲ್ಲಿರುವವರಿಗೆ ದಿನದ ಆ ಹತ್ತು ನಿಮಿಷ ತಿಂಗಳ ಎರಡು ಭಾನುವಾರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ನಂಬಿಕೆ.

ಮನೆಯ ಬಾಗಿಲಲ್ಲಿ ಪ್ರತಿ ಸಲ ಗಲಾಟೆಯಾಗುತ್ತಿದ್ದರೆ ಕೆಲವು ವಾರ ಆಪ್ತಸಮಾಲೋಚಕರ ಎದುರು ಮಗುವನ್ನು ಒಪ್ಪಿಸಲು ಕೇಳಬಹುದು. ಆದರೆ ಇದು ತಾತ್ಕಾಲಿಕವಾಗಿರಲಿ. ಕಟಕಟೆ, ಕರಿಕೋಟು, ಜನಜಂಗುಳಿಯ ನಡುವೆ ಅಪ್ಪನನ್ನೋ ಅಮ್ಮನನ್ನೋ ನೋಡುವುದು ಯಾವ ಮಗುವಿಗೂ ಹಿತವಲ್ಲ.

ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕರಣದಲ್ಲಿ ಮಗುವನ್ನು ಹಾಜರುಪಡಿಸಲು ಸೆಕ್ಷನ್ 12ರಡಿ ಆದೇಶವಾಗಿದ್ದೂ ಪಾಲಿಸದಿದ್ದರೆ ಸೆಕ್ಷನ್ 45 ಇದೆ. ಅದರ ದಂಡ 1890ರ ಕಾಲದ್ದು: 100 ರೂಪಾಯಿ, ಮುಂದುವರಿಸಿದರೆ ದಿನಕ್ಕೆ 10, ಒಟ್ಟು 500ಕ್ಕೆ ಮಿತಿ. ಯಾರೂ ಅದಕ್ಕೆ ಹೆದರುವುದಿಲ್ಲ. ಆದರೆ ಹಾಜರುಪಡಿಸುತ್ತೇನೆ ಎಂದು ಮುಚ್ಚಳಿಕೆ ಕೊಡುವವರೆಗೆ ಸಿವಿಲ್ ಜೈಲಿನಲ್ಲಿ ಇರಿಸುವ ಅಧಿಕಾರವೂ ಅದೇ ಸೆಕ್ಷನ್‌ನಲ್ಲಿದೆ.

ರಜೆಯ ಲೆಕ್ಕ ಮೊದಲೇ ಹಾಕಿ

ಅತಿ ಹೆಚ್ಚು ಜಗಳವಾಗುವುದು ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆ ಮತ್ತು ದಸರಾ ರಜೆಯ ಭೇಟಿಗೆ. ವಾರಾಂತ್ಯದ ಭೇಟಿ ತಪ್ಪಿದರೆ ಒಂದು ದಿನ ಹೋಯಿತು. ಬೇಸಿಗೆ ರಜೆ ತಪ್ಪಿದರೆ ಎರಡು ವಾರ, ಕೆಲವೊಮ್ಮೆ ತಿಂಗಳೇ ಹೋಗುತ್ತದೆ. ಸಿವಿಲ್ ನ್ಯಾಯಾಲಯಗಳಿಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ರಜೆ. ಮೇ ತಿಂಗಳಲ್ಲಿ ಮಗುವನ್ನು ಕಳುಹಿಸಲಿಲ್ಲ ಎಂದು ಜೂನ್‌ನಲ್ಲಿ ಅರ್ಜಿ ಹಾಕಿದರೆ ಶಾಲೆ ಶುರುವಾಗಿರುತ್ತದೆ, ‘ಇನ್ನು ಮುಂದಿನ ವರ್ಷ ನೋಡೋಣ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇದಕ್ಕೆ ಪರಿಹಾರ ಮುಂಚಿತವಾಗಿ ಕೇಳುವುದು. ಫೆಬ್ರುವರಿ ಕೊನೆಯಲ್ಲೇ ಎದುರಿನವರಿಗೆ ರಜೆಯ ದಿನಗಳನ್ನು ಬರೆದು ಕಳುಹಿಸಿ. ಉತ್ತರ ಬಾರದಿದ್ದರೆ ಅಥವಾ ಹಿಂದಿನ ವರ್ಷ ಕೈಕೊಟ್ಟಿದ್ದರೆ ಮಾರ್ಚ್‌ನಲ್ಲಿ ಅರ್ಜಿ ಹಾಕಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ನಮೂದಿಸಿದ ನಿರ್ದೇಶನ ಪಡೆಯಿರಿ. ದಸರಾಕ್ಕೆ ಆಗಸ್ಟ್‌ನಲ್ಲೇ ಈ ಕೆಲಸ ಆಗಬೇಕು. ಯುಗಾದಿ, ದೀಪಾವಳಿ, ಮಗುವಿನ ಹುಟ್ಟುಹಬ್ಬ ಯಾರ ಮನೆಯಲ್ಲಿ ಎಂಬುದನ್ನೂ ಒಂದು ವರ್ಷ ಇವರಿಗೆ, ಒಂದು ವರ್ಷ ಅವರಿಗೆ ಎಂದು ಆಗಲೇ ಬರೆಸಿಕೊಳ್ಳಿ.

ಎದುರಾಗುವ ನೆಪಗಳು, ನಿಜವಾದ ಕಾರಣಗಳು

‘ಹೈಕೋರ್ಟ್‌ನಲ್ಲಿ ಮೇಲ್ಮನವಿ ಹಾಕಿದ್ದೇನೆ.’ ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆ ಇದ್ದರೆ ಮಾತ್ರ ನಿಲ್ಲುತ್ತದೆ. ತಡೆಯಾಜ್ಞೆಯ ಪ್ರತಿ ತೋರಿಸಿ ಎಂದು ಕೇಳಿ.

‘ಜೀವನಾಂಶ ಕೊಟ್ಟಿಲ್ಲ, ಮಗುವನ್ನು ಏಕೆ ತೋರಿಸಲಿ?’ ಇದನ್ನು ಕೇಳಿದಾಗ ಹೇಳುವವರ ಸಂಕಟ ಅರ್ಥವಾಗುತ್ತದೆ. ಶಾಲೆಯ ಶುಲ್ಕಕ್ಕೆ ಸಾಲ ಮಾಡುತ್ತಿರುವ ತಾಯಿಗೆ, ಭಾನುವಾರ ಬಂದು ಐಸ್‌ಕ್ರೀಂ ಕೊಡಿಸಿ ಹೋಗುವ ತಂದೆಯನ್ನು ಕಂಡರೆ ಸಿಟ್ಟು ಬರುವುದು ಸಹಜ. ಆದರೂ ಇವೆರಡೂ ಬೇರೆ ಬೇರೆ ಆದೇಶಗಳು. ಬಾಕಿ ಜೀವನಾಂಶಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರಡಿ ವಸೂಲಿ ಅರ್ಜಿ ಹಾಕಿ. ಹಣ ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕೆಂಬುದು ನೆನಪಿರಲಿ. ಮಗುವಿನ ಭೇಟಿಯನ್ನು ಒತ್ತೆ ಇಟ್ಟುಕೊಂಡರೆ ನಿಮ್ಮ ನ್ಯಾಯವಾದ ಬೇಡಿಕೆಯೇ ದುರ್ಬಲವಾಗುತ್ತದೆ. ಅದೇ ರೀತಿ ‘ಮಗುವನ್ನು ತೋರಿಸುತ್ತಿಲ್ಲ, ಹಣ ಕೊಡುವುದಿಲ್ಲ’ ಎನ್ನುವ ತಂದೆಯೂ ತಪ್ಪು ಮಾಡುತ್ತಿದ್ದಾನೆ. ಆ ಹಣ ಮಗುವಿನ ಅನ್ನಕ್ಕೆ, ಫೀಸಿಗೆ.

‘ಮಗುವೇ ಬರುವುದಿಲ್ಲ ಎನ್ನುತ್ತಿದೆ.’ ಇದು ನಿಜವಾಗಿಯೂ ಕಷ್ಟದ ಸಂದರ್ಭ. ಮಗುವಿನ ಮನಸ್ಸನ್ನು ಯಾರಾದರೂ ಕೆಡಿಸಿರಬಹುದು. 2017ರ ವಿವೇಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅಪಾಯವನ್ನು ಚರ್ಚಿಸಿದೆ. ಹಿಂದಿನ ಭೇಟಿಯಲ್ಲಿ ಮಗುವಿಗೆ ಏನೋ ನೋವಾಗಿರಲೂಬಹುದು. ಎರಡನ್ನೂ ಬಾಗಿಲಲ್ಲಿ ನಿಂತು ತೀರ್ಮಾನಿಸಲಾಗದು. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಗುವಿನ ಜೊತೆ ಮಾತನಾಡಲಿ, ಆಪ್ತಸಮಾಲೋಚಕರ ವರದಿ ತರಿಸಿಕೊಳ್ಳಲಿ ಎಂದು ಅರ್ಜಿ ಹಾಕಿ. ಒಂದು ಗಂಟೆಯ ಭೇಟಿಯಿಂದ ಶುರು ಮಾಡಿ ನಿಧಾನವಾಗಿ ಹೆಚ್ಚಿಸುವ ವ್ಯವಸ್ಥೆಗೆ ನೀವಾಗಿಯೇ ಒಪ್ಪಿಕೊಳ್ಳಿ. ಅಳುವ ಮಗುವನ್ನು ಅಮೀನರ (ನ್ಯಾಯಾಲಯದ ಜಾರಿ ಸಿಬ್ಬಂದಿಯ) ಅಥವಾ ಪೊಲೀಸರ ಕೈಯಿಂದ ಎಳೆಸಿಕೊಂಡು ಪಡೆದ ಭೇಟಿಯಿಂದ ಏನೂ ದಕ್ಕುವುದಿಲ್ಲ.

ಮಗು ಯಾರ ಬಳಿ ಇದೆಯೋ ಅವರಿಗೂ ಒಂದು ಮಾತು. ಕುಡಿತ, ಹೊಡೆತ, ಮಗುವನ್ನು ಮರಳಿ ಕೊಡುವುದಿಲ್ಲವೆಂಬ ಬೆದರಿಕೆ, ಇಂಥ ನಿಜವಾದ ಭಯವಿದ್ದರೆ ನೀವಾಗಿಯೇ ಭೇಟಿ ನಿಲ್ಲಿಸಿ ಸುಮ್ಮನೆ ಕೂರಬೇಡಿ. ಮಗುವನ್ನು ಮೊದಲು ಸುರಕ್ಷಿತವಾಗಿ ಇರಿಸಿಕೊಂಡು, ನ್ಯಾಯಾಲಯ ತೆರೆದ ಮೊದಲ ದಿನವೇ ಆದೇಶದ ಅಮಾನತಿಗೆ ಅಥವಾ ಮೇಲ್ವಿಚಾರಣೆಯ ಭೇಟಿಗೆ ಅರ್ಜಿ ಹಾಕಿ. ವೈದ್ಯರ ಚೀಟಿ, ದೂರಿನ ಪ್ರತಿ, ಫೋಟೊ ಜೊತೆಗಿರಲಿ. ಅರ್ಜಿ ಹಾಕಿ ಭೇಟಿ ತಡೆದವರನ್ನು ನ್ಯಾಯಾಲಯ ಒಂದು ರೀತಿ ನೋಡುತ್ತದೆ, ಆರು ತಿಂಗಳು ಸುಮ್ಮನಿದ್ದು ಅಮಲ್ಜಾರಿ ನೋಟಿಸ್ ಬಂದ ಮೇಲೆ ಭಯದ ಮಾತೆತ್ತಿದವರನ್ನು ಬೇರೆಯೇ ರೀತಿ ನೋಡುತ್ತದೆ.

ಊರು ಬಿಟ್ಟು ಹೋದರೆ

ಸುಪರ್ದಿ ಇರುವವರು ಹೇಳದೆ ಮಗುವನ್ನು ಹೊರ ರಾಜ್ಯಕ್ಕೆ ಕರೆದುಕೊಂಡು ಹೋದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 39ರಡಿ ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿ ಜಾರಿ ಮಾಡಿಸಬಹುದು. ಆದೇಶವನ್ನು ಧಿಕ್ಕರಿಸಿ ಮಗುವನ್ನು ಅಡಗಿಸಿಟ್ಟಿದ್ದರೆ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ (ಮಗುವನ್ನು ನ್ಯಾಯಾಲಯದ ಮುಂದೆ ತರಿಸಿ ಎಂಬ) ಅರ್ಜಿ ಹಾಕಲು ದಾರಿ ಇದೆ. ಮೈಸೂರು, ಮಂಡ್ಯದವರು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗಬೇಕು. ವಿದೇಶಕ್ಕೆ ಕರೆದೊಯ್ಯುವ ಸುಳಿವು ಸಿಕ್ಕರೆ ಒಂದು ದಿನವೂ ಕಾಯಬೇಡಿ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮಗು ಒಮ್ಮೆ ಗಡಿ ದಾಟಿದರೆ ಮರಳಿ ತರುವುದು ವರ್ಷಗಳ ಕೆಲಸವಾದೀತು. ನ್ಯಾಯಾಲಯದ ಅನುಮತಿ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಬಾರದು, ಪಾಸ್‌ಪೋರ್ಟ್ ನ್ಯಾಯಾಲಯದಲ್ಲಿ ಇರಿಸಬೇಕು ಎಂಬ ಆದೇಶ ಕೇಳಿ.

ನ್ಯಾಯಾಂಗ ನಿಂದನೆಯ ಅರ್ಜಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಹೈಕೋರ್ಟ್‌ನಲ್ಲಿ ಉಲ್ಲಂಘನೆಯಾದ ಒಂದು ವರ್ಷದೊಳಗೆ ಹಾಕಬೇಕು, ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಮಲ್ಜಾರಿಗೆ ದಾರಿ ಇರುವಾಗ ಏಕೆ ಬಂದಿರಿ ಎಂಬ ಪ್ರಶ್ನೆ ಅಲ್ಲಿ ಏಳುವ ಸಾಧ್ಯತೆ ಹೆಚ್ಚು. ತಂದೆಯೋ ತಾಯಿಯೋ ಜೈಲಿಗೆ ಹೋದ ನೆನಪು ಮಗುವಿನ ಜೊತೆ ಉಳಿಯುತ್ತದೆ ಎಂಬುದನ್ನೂ ಯೋಚಿಸಿ.

ವಕೀಲರಿಗೆ ಹಣವಿಲ್ಲದಿದ್ದರೆ

ಮೈಸೂರು ಮತ್ತು ಮಂಡ್ಯ ಎರಡೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಿವೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ ಸೆಕ್ಷನ್ 12ರ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ರಾಷ್ಟ್ರೀಯ ಸಹಾಯವಾಣಿ 15100. ಪ್ರಾಧಿಕಾರದ ಕಚೇರಿಗೆ ಹೋಗುವಾಗ ಆದೇಶದ ನಕಲು, ಗುರುತಿನ ಚೀಟಿ, ಮಗುವಿನ ಜನನ ಪ್ರಮಾಣಪತ್ರ ಮತ್ತು ಭೇಟಿಗಳ ದಾಖಲೆಯ ಆ ನೋಟ್ ಪುಸ್ತಕವನ್ನು ತೆಗೆದುಕೊಂಡು ಹೋದರೆ ಅಂದೇ ಅರ್ಜಿ ಬರೆಸಬಹುದು.